ಅಜ್ಜಿಯ ಹೆಸರಿನ ಜಪಾನಿ ಆರತಿ

ನನ್ನ ಕಾರಿನೊಳಗೆ ಒಂದು ಜಪಾನಿ ಸಿ.ಡಿ. ಸಿಕ್ಕಿಹಾಕಿಕೊಂಡು ಎಂಟು ವರ್ಷವಾಯಿತು. ಗುಂಡಿ ಒತ್ತಿದರೂ ಹೊರಗೆ ಬರುವುದಿಲ್ಲ, ಬೈದರೂ ಬರುವುದಿಲ್ಲ. ಕೀಲಿ ತಿರುಗಿಸಿದ ತಕ್ಷಣ ಐದು ಜನ ಹುಡುಗರು ಒಟ್ಟಿಗೆ ಹಾಡಲು ಶುರುಮಾಡುತ್ತಾರೆ. ಮೆಕ್ಯಾನಿಕ್ಕಿಗೆ ತೋರಿಸಿದೆ. ಟಾರ್ಚು ಬಿಟ್ಟು ಇಣುಕಿ ನೋಡಿದವನು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು ಎಂದ. ಬಿಚ್ಚಿದ ಮೇಲೆ ಮೊದಲಿನ ಹಾಗೇ ಕೂರುತ್ತದೆಯೇ ಎಂದು ಕೇಳಿದೆ. 'ಮೋಸ್ಟ್‌ಲಿ' ಎಂದ. ಆ ಒಂದು ಮಾತಿಗೆ ಹೆದರಿ ಕಾರು ವಾಪಸ್ಸು ತಂದುಬಿಟ್ಟೆ.

ನಾನು ಎಂಥ ಹೆದರುಪುಕ್ಕಲಿ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮನೆ ಬಿಡುವಾಗ ಒಲೆ ಆರಿಸಿದ್ದೇನೆಯೇ ಎಂದು ಮೂರು ಸಲ ನೋಡುತ್ತೇನೆ. ನಾಲ್ಕನೆಯ ಸಲ ನೋಡಲು ಹೋಗದಂತೆ ನಮ್ಮವರು ಬಾಗಿಲಲ್ಲಿ ಅಡ್ಡ ನಿಲ್ಲುತ್ತಾರೆ. ವಿಮಾನಕ್ಕೆ ನಾಲ್ಕು ಗಂಟೆ ಮೊದಲೇ ಹೋಗಿ ಕೂರುವವಳು ನಾನು. ಪರ್ತ್‌ನಲ್ಲಿರುವ ನಮಗೆ ಪೂರ್ವದ ಕಡೆಯ ಅಡಿಲೇಡಿನಿಂದ ಅಥವಾ ಬ್ರಿಸ್ಬೇನಿನಿಂದ ಫೋನು ಬಂದರೆ ಅಲ್ಲಿ ಯಾವಾಗಲೂ ಹೊತ್ತು ಮುಂದೆ ಹೋಗಿರುತ್ತದೆ. ಹಾಗಾಗಿ ಬೆಳಿಗ್ಗೆ ಐದೂವರೆಗೆ ಫೋನು ರಿಂಗಾದರೆ, ನನಗಿಂತ ಮುಂಚೆ ಎದ್ದವರಿಗೆಲ್ಲ ಏನೋ ಗೊತ್ತಾಗಿಬಿಟ್ಟಿದೆ, ನನಗೊಬ್ಬಳಿಗೇ ಗೊತ್ತಿಲ್ಲ ಎನ್ನಿಸುತ್ತದೆ.

ಸಿ.ಡಿ. ನನ್ನ ಮಗಳು ಸಿರಿಯದು. ಇಲ್ಲಿಯ ಎಷ್ಟೋ ಶಾಲೆಗಳಲ್ಲಿ ಜಪಾನಿ ಭಾಷೆ ಕಲಿಸುತ್ತಾರೆ. ಕನ್ನಡ ಕಲಿಯೇ ಅಂತ ನಾನು ಬಾಯಿ ಬಡಿದುಕೊಂಡೆ. ಅವಳು ಜಪಾನಿಯಲ್ಲಿ ಬಹುಮಾನ ತಂದಳು. ಭಾಷೆಯ ಹಿಂದೆಯೇ ಈ ಐದು ಹುಡುಗರು ಬಂದರು. ಜಪಾನಿನಲ್ಲಿ ಅವರನ್ನು ಕೇಳದ ಮನೆಯೇ ಇಲ್ಲವಂತೆ, ಮೊಮ್ಮಗಳಿಗೂ ಬೇಕಂತೆ, ಅಜ್ಜಿಗೂ ಬೇಕಂತೆ. ನಮ್ಮ ಹ್ಯಾರಿಸ್‌ಡೇಲ್ ಬಡಾವಣೆಯಲ್ಲಿ ಕಾರಿಲ್ಲದೆ ಹಾಲಿನ ಪ್ಯಾಕೆಟ್ಟೂ ತರಲಾಗುವುದಿಲ್ಲ. ಶಾಲೆಗೆ, ಈಜಿಗೆ, ಟ್ಯೂಷನ್ನಿಗೆ ಅಂತ ಅವಳನ್ನು ಕರೆದುಕೊಂಡು ತಿರುಗಿದ ಅಷ್ಟೂ ವರ್ಷ ಆ ಐವರೂ ನಮ್ಮ ಜೊತೆ ತಿರುಗಿದರು. 'ಆ ಕಿರುಚಾಟ ಆಫ್ ಮಾಡೇ, ತಲೆ ಸಿಡೀತಿದೆ' ಎಂದು ನಾನು ಹೇಳದ ದಿನವಿರಲಿಲ್ಲ. ಅವಳು ಆಫ್ ಮಾಡಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂರುತ್ತಿದ್ದಳು.

ಈಗ ಸಿರಿ ಅಡಿಲೇಡಿನ ಒಂದು ಆಸ್ಪತ್ರೆಯಲ್ಲಿ ಕಿರಿಯ ಡಾಕ್ಟರು. ಕಾರು ನನ್ನ ಪಾಲಿಗೆ ಬಂತು, ಆ ಐವರೂ ಬಂದರು. ವೆಲ್ಷ್‌ಪೂಲಿನಲ್ಲಿ ಯಂತ್ರದ ಬಿಡಿಭಾಗಗಳ ಗೋಡೌನೊಂದರಲ್ಲಿ ಲಾರಿಗಳಿಗೆ ಹೊತ್ತು ಗೊತ್ತುಮಾಡುವ ಕೆಲಸ ನನ್ನದು. ಹೋಗುತ್ತ ಆರು ಹಾಡು, ಬರುತ್ತ ಆರು ಹಾಡು. ಒಂದಕ್ಷರ ಅರ್ಥವಾಗದಿದ್ದರೂ ಹನ್ನೆರಡು ಹಾಡುಗಳ ಧಾಟಿಯೂ ನನಗೆ ಬಾಯಿಪಾಠವಾಗಿಬಿಟ್ಟಿತು.

ಧಾಟಿ ಎಂದೆನಲ್ಲ, ನನ್ನ ಗ್ರಹಚಾರವೆಲ್ಲ ಅಲ್ಲೇ ಇರುವುದು. ಮೈಸೂರಿನಲ್ಲಿ ನಮ್ಮಮ್ಮ ಒಂದು ಭಜನಾ ಮಂಡಳಿಗೆ ಹೋಗುತ್ತಿದ್ದಳು. ಶುಕ್ರವಾರ ಮಧ್ಯಾಹ್ನ ವಠಾರದ ಹೆಂಗಸರೆಲ್ಲ ಯಾರದಾದರೂ ನಡುಮನೆಯಲ್ಲಿ ಚಾಪೆ ಹಾಕಿ ಸೇರುವರು. ಪ್ರತಿಯೊಬ್ಬರ ಕೈಯಲ್ಲೂ ಎಣ್ಣೆ ಜಿಡ್ಡು ಹತ್ತಿದ ನೋಟ್‌ಬುಕ್ಕು. ಅದರಲ್ಲಿ ಪ್ರತಿ ದೇವರನಾಮದ ನೆತ್ತಿಯ ಮೇಲೆ 'ಧಾಟಿ' ಎಂದು ಬರೆದು ಒಂದು ಸಿನಿಮಾ ಹಾಡಿನ ಹೆಸರು. ನಾಯಕ ನಾಯಕಿ ಮರ ಸುತ್ತಿದ ರಾಗದಲ್ಲಿ ಶಾರದೆಗೆ ಮಂಗಳಾರತಿ ಆಗುತ್ತಿತ್ತು. ಅದರಲ್ಲಿ ಯಾರಿಗೂ ಮುಜುಗರವಿರಲಿಲ್ಲ, ಏಕೆಂದರೆ ಮೇಲೆ ಧಾಟಿ ಯಾರದು ಅಂತ ಬರೆದಿರುತ್ತಿತ್ತು. ಎಳ್ಳುಂಡೆಯ ಆಸೆಗೆ ಹೋಗಿ ಅಮ್ಮನ ಹಿಂದೆ ಕೂತಿರುತ್ತಿದ್ದ ನಾನು 'ಪದ ದೇವರದು, ಧಾಟಿ ಸಾಲದ್ದು' ಎಂಬ ನ್ಯಾಯವನ್ನು ಆಗಲೇ ಕಲಿತಿದ್ದೆ. ಕಲಿತಿದ್ದೂ ತಪ್ಪು ಮಾಡಿದೆ ನೋಡಿ, ಅದಕ್ಕೇ ಹೊಟ್ಟೆ ಉರಿಯುವುದು.

ಹೋದ ವರ್ಷದ ವರಮಹಾಲಕ್ಷ್ಮಿ ಹಬ್ಬದ ದಿನ ನಾಗರತ್ನ ಆಂಟಿಯ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಹ್ಯಾರಿಸ್‌ಡೇಲಿನ ನಮ್ಮ ಹೆಂಗಸರಿಗೆಲ್ಲ ಆಂಟಿಯೇ ಹಿರಿಯರು. ಸಂಗೀತ ಕಲಿತವರು, ಶ್ರುತಿ ತಪ್ಪಿದರೆ ಹುಬ್ಬಿನಲ್ಲೇ ಹೇಳುವವರು. ಅಂದು ಎಲ್ಲರೂ ಒಂದೊಂದು ಹಾಡಬೇಕೆಂದು ಅಪ್ಪಣೆಯಾಯಿತು. ನನ್ನ ಹತ್ತಿರ ನಾನೇ ಬರೆದ ಎರಡು ಸಾಲಿತ್ತು. ಲಾರಿ ತಡವಾದ ಒಂದು ದಿನ ಕೆಲಸದ ಕಾಗದದ ಹಿಂದೆ ಗೀಚಿದ್ದು:

ಹೊಸಿಲ ದಾಟಿ ಬಾರೇ ಲಕುಮಿ, ಹೊಸ ಊರಿಗೆ
ಬಸವಳಿದು ಬಂದೆವಮ್ಮ, ನಿನ್ನ ನೆರಳಿಗೆ

ಬಾಯಿ ತೆರೆದೆ. ಯಾವ ರಾಗ ಬಂತೋ ಅದೇ ರಾಗದಲ್ಲಿ ಹಾಡಿಕೊಂಡು ಹೋದೆ. ಎರಡನೆಯ ಸಾಲು ಮುಗಿಯುವಾಗ ತಿಳಿಯಿತು, ಇದು ಸಿ.ಡಿ.ಯ ಏಳನೆಯ ಹಾಡು. ಕಲ್ಲಿನಂತೆ ಕೂತೆ. ಆದರೆ ಆಂಟಿಯ ಹುಬ್ಬು ಏರಲಿಲ್ಲ, ಕಣ್ಣು ಮುಚ್ಚಿಕೊಂಡಿತ್ತು.

'ಎಷ್ಟು ಚೆನ್ನಾಗಿದೆ ಸುಮಾ! ಹಳೇ ಹಾಡು ಇರ್ಬೇಕು. ಯಾರು ಹೇಳ್ಕೊಟ್ಟಿದ್ದು?'

ಹತ್ತು ಜನ ನನ್ನನ್ನೇ ನೋಡುತ್ತಿದ್ದರು. 'ನಮ್ಮಜ್ಜಿ' ಎಂದೆ.

ಯಾಕೆ ಹಾಗೆಂದೆ? ಒಂದು ವರ್ಷದಿಂದ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಸತ್ತವರ ಹೆಸರು ಹೇಳಿದರೆ ಯಾರೂ ಎದುರು ಪ್ರಶ್ನೆ ಹಾಕುವುದಿಲ್ಲ, ಅಷ್ಟೇ ಕಾರಣ. ಅಮ್ಮನ ತಾಯಿ ನಂಜಮ್ಮಜ್ಜಿ ತೀರಿಕೊಂಡಾಗ ನನಗೆ ಎಂಟು ವರ್ಷ. ಅವಳ ಹರಳೆಣ್ಣೆಯ ವಾಸನೆ ನೆನಪಿದೆ. ಅಕ್ಕಿರೊಟ್ಟಿಯ ಮೇಲೆ ಹೆಬ್ಬೆರಳಿನಿಂದ ಬೆಣ್ಣೆ ಒತ್ತುತ್ತಿದ್ದುದು ನೆನಪಿದೆ. ಅವಳು ಹಾಡಿದ್ದು ಮಾತ್ರ ನಾನು ಒಂದು ದಿನವೂ ಕೇಳಿದ್ದಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಈಗಿನ ಕಾಲದಲ್ಲಿ ಮಾತು ಹೋಗುವುದೂ ಇಲ್ಲ, ವಾಟ್ಸಾಪಿನಲ್ಲಿ ಊರೂರು ತಿರುಗುತ್ತದೆ. ಆಂಟಿಯ ಮನೆಯಲ್ಲಿ ಯಾರೋ ರೆಕಾರ್ಡ್ ಮಾಡಿದ್ದರು. ದಸರಾ ಹೊತ್ತಿಗೆ ಅದು ಅಡಿಲೇಡಿನ ಗುಂಪಿಗೆ ಹೋಯಿತು, ಸಂಕ್ರಾಂತಿಗೆ ಬ್ರಿಸ್ಬೇನಿಗೆ. ಅಜ್ಜಿಯ ಹೆಸರೇನೆಂದು ಕೇಳಿಕೊಂಡು 'ನಂಜಮ್ಮಜ್ಜಿ ಆರತಿ' ಎಂದು ಹೆಸರೂ ಇಟ್ಟರು. ನನಗೆ ಮೆಚ್ಚುಗೆಯ ಸಂದೇಶ ಬಂದಷ್ಟೂ ಊಟ ಸೇರದಾಯಿತು. ಗುಂಪಿನಲ್ಲಿ ಯಾರಾದರೂ 'ಜಪಾನ್ ಟ್ರಿಪ್' ಎಂದು ಬರೆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಫೋನು ಬೋರಲು ಹಾಕುತ್ತಿದ್ದೆ.

ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಆ ಏಳನೆಯ ಹಾಡಿನ ಅರ್ಥವೇನು? ಮೂರು ಊರಿನ ಹೆಂಗಸರು ಮಡಿಯುಟ್ಟು ದೇವಿಯ ಮುಂದೆ ಹಾಡುತ್ತಿರುವ ಧಾಟಿಯ ಮೂಲದಲ್ಲಿ ಏನಿದೆಯೋ! 'ಕುಡುಕರ ಹಾಡೇನೋ, ಚಪ್ಪಾಳೆ ಬೇರೆ ಇದೆ' ಎಂದು ನಮ್ಮವರು ತಮಾಷೆ ಮಾಡಿದರು. ನಾನು ಗೋಡೌನಿನ ಪಾರ್ಕಿಂಗಿನಲ್ಲಿ ಕೂತು ಫೋನಿನ ಅನುವಾದಕವನ್ನು ಸ್ಪೀಕರಿಗೆ ಹಿಡಿದೆ. 'ಚಿಕ್ಕಪ್ಪ, ನಿಲ್ದಾಣ, ಬಿಸಿಯಾಗಿದೆ ಬಿಡಬೇಡ' ಎಂದು ಅದು ಬರೆದು ತೋರಿಸಿತು. ನನಗೆ ಬೆವರು ಬಂತು.

ಹೀಗಿರುವಾಗ ಈ ವರ್ಷ ಜುಲೈ ತಿಂಗಳಲ್ಲಿ ಬ್ರಿಸ್ಬೇನಿನ ಪಕ್ಕ ರನ್‌ಕಾರ್ನ್‌ನಿಂದ ರೂಪಾ ಫೋನು ಮಾಡಿದಳು. ರೂಪಾ ಎಂದರೆ ನನ್ನ ಚಿಕ್ಕಮ್ಮನ ಸೊಸೆ. ಅಮ್ಮನ ಬೆನ್ನಿಗೆ ಹುಟ್ಟಿದ ಆ ಚಿಕ್ಕಮ್ಮ ಮಗ ಸೊಸೆಯ ಜೊತೆ ಅಲ್ಲೇ ಇದ್ದಾರೆ. ಎಪ್ಪತ್ತೊಂಬತ್ತು ವರ್ಷ, ನಂಜಮ್ಮಜ್ಜಿಯ ಮಕ್ಕಳಲ್ಲಿ ಈಗ ಉಳಿದಿರುವವರು ಅವರೊಬ್ಬರೇ.

'ಸುಮಕ್ಕ, ನಾವಿಲ್ಲಿ ಸಂಪ್ರದಾಯದ ಹಾಡಿನ ಪುಸ್ತಕ ಮಾಡ್ತಿದೀವಿ, ಗೌರಿ ಹಬ್ಬಕ್ಕೆ ರಿಲೀಸು. ಫಸ್ಟ್ ಪೇಜೇ ಅಜ್ಜಿ ಹಾಡು! ಅತ್ತೆಗೆ ಕೇಳಿಸ್ದೆ, ಅವ್ರು ಅತ್ತೇಬಿಟ್ರು. ಮಾತಾಡ್ಸಿ ಕಳಿಸ್ತೀನಿ, ಕೇಳಿ.'

ಸ್ವಲ್ಪ ಹೊತ್ತಿಗೆ ವಾಟ್ಸಾಪಿನಲ್ಲಿ ಚಿಕ್ಕಮ್ಮನ ದನಿ ಬಂತು. 'ಹೌದು ಕಣೇ ಸುಮಾ. ಅಮ್ಮ ಇದನ್ನ ಹಾಡೋಳು. ನಂಗೆ ಚೆನ್ನಾಗಿ ಜ್ಞಾಪಕ ಇದೆ.' ಆಮೇಲೆ ಮೂಗು ಒರೆಸಿಕೊಂಡ ಸದ್ದು.

ಅದನ್ನು ಕೇಳಿ ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಇಲ್ಲದ ನೆನಪನ್ನು ಅವರ ತಲೆಯಲ್ಲಿ ನೆಟ್ಟವಳು ನಾನು. ಸುಮ್ಮನಿದ್ದರೆ ನನ್ನ ಸುಳ್ಳು ಅಚ್ಚಾಗುತ್ತದೆ. ನಿಜ ಹೇಳಿದರೆ ಆ ವಯಸ್ಸಿನಲ್ಲಿ ಅವರಿಗೆ ಸಿಕ್ಕ ತಾಯಿಯ ಹಾಡನ್ನು ಕೈಯಿಂದ ಕಿತ್ತುಕೊಂಡ ಹಾಗೆ. ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ.

ಮರುವಾರ ಬೆಳಿಗ್ಗೆ ಐದೂವರೆಗೆ ಸಿರಿಯ ಫೋನು. ಅಡಿಲೇಡಿನಲ್ಲಿ ಅವಳ ಜೊತೆಯ ಡಾಕ್ಟರೊಬ್ಬರ ಗೃಹಪ್ರವೇಶವಿತ್ತಂತೆ.

'ಅಮ್ಮ, ನಿನ್ನೆ ಅಲ್ಲಿ ಆಂಟಿಗಳೆಲ್ಲ ಆರತಿ ಹಾಡಿದ್ರು. ಟ್ರ್ಯಾಕ್ ಸೆವೆನ್! ವಾಟ್ ಡಿಡ್ ಯು ಡೂ?'

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ.

'ಕಾರಲ್ಲಿ ಅದನ್ನ ಕಿರುಚಾಟ ಅಂತಿದ್ದೆ. ಈಗ ಮುತ್ತಜ್ಜಿದು ಅಂತ ಹೇಳ್ತೀಯ. ದಟ್ಸ್ ನಾಟ್ ಫೇರ್, ಅಮ್ಮ. ಆ ಐದು ಜನರ ಹೆಸರು ಒಂದ್ಸಲ ಹೇಳ್ಬಹುದಿತ್ತು.'

'ಹಾಡಿನ ಅರ್ಥ ಏನೇ? ಏನಾದ್ರೂ ಕೆಟ್ಟದಾ? ಅದೊಂದು ಹೇಳ್ಬಿಡು, ನಿದ್ದೆ ಬರ್ತಿಲ್ಲ.'

'ನೋ. ಫಸ್ಟ್ ಯು ಟೆಲ್ ಚಿಕ್ಕಜ್ಜಿ. ಆಮೇಲೆ ಹೇಳ್ತೀನಿ.'

ಹೆತ್ತ ಮಗಳು ಹೀಗೆ ಷರತ್ತು ಹಾಕಿದಳು. ಪುಸ್ತಕ ಅಚ್ಚಿಗೆ ಹೋಗುವುದಕ್ಕೆ ಒಂದು ವಾರ ಮೊದಲು ನಾನು ರಜೆ ಹಾಕಿ ಹೊರಟೆ. ನೇರ ಬ್ರಿಸ್ಬೇನಿಗೆ ಹೋಗಲು ಧೈರ್ಯವಾಗದೆ ಎರಡು ದಿನ ಅಡಿಲೇಡಿನಲ್ಲಿ ಉಳಿದೆ. ಮಗಳನ್ನು ನೋಡುವ ನೆಪ. ಅವಳ ಫ್ರಿಜ್ಜಿನಲ್ಲಿ ಅರ್ಧ ನಿಂಬೆಹಣ್ಣು, ಒಂದು ಡಬ್ಬಿ ಮೊಸರು ಬಿಟ್ಟರೆ ಏನೂ ಇರಲಿಲ್ಲ. ದಿನಾ ಫೋನಿನಲ್ಲಿ 'ಊಟ ಆಯ್ತಮ್ಮ' ಅನ್ನುತ್ತಿದ್ದ ಮಗಳು. ನಾನು ಸಾರಿನ ಪುಡಿ ತೆಗೆದು ಒಲೆ ಹಚ್ಚಿದೆ. ಅರ್ಥ ಕೇಳಿದರೆ ಅವಳು ತಲೆ ಅಲ್ಲಾಡಿಸಿ 'ಈ ಆಫ್ಟರ್‌ನೂನ್ ಶಿಫ್ಟ್ ಇದೆ' ಎಂದು ಹೊರಟಳು. ಬಾಗಿಲಲ್ಲಿ ನಿಂತು, 'ಇಯರ್ ಟ್ವೆಲ್ವ್‌ನಲ್ಲಿ ನಂಗೆ ಫ್ರೆಂಡ್ಸ್ ಯಾರೂ ಇರ್ಲಿಲ್ಲ ಅಮ್ಮ. ಯು ಡಿಡಂಟ್ ನೋ. ಆ ಐದು ಜನ ಇದ್ರು' ಎಂದಳು. ಲಿಫ್ಟು ಕೆಳಗೆ ಹೋಗುವವರೆಗೂ ನಾನು ಸೌಟು ಹಿಡಿದುಕೊಂಡು ನಿಂತಿದ್ದೆ. ಆ ವರ್ಷ ಅವಳ ಪಕ್ಕದ ಸೀಟಿನಲ್ಲಿ ಕೂತು ದಿನಾ ಕಾರು ಓಡಿಸಿದವಳು ನಾನೇ. ಮಾರ್ಕ್ಸು ಕೇಳಿದ್ದೆ, ಇದನ್ನು ಕೇಳಿರಲಿಲ್ಲ.

ಬ್ರಿಸ್ಬೇನಿನ ವಿಮಾನದಲ್ಲಿ ಚಿಕ್ಕಮ್ಮನಿಗೆ ಹೇಳಬೇಕಾದ ಮಾತನ್ನು ಹದಿನೇಳು ಬಗೆಯಲ್ಲಿ ಜೋಡಿಸಿಕೊಂಡೆ. ಒಂದರಲ್ಲಿ ನಾನು ಅಳುತ್ತಿದ್ದೆ, ಇನ್ನೊಂದರಲ್ಲಿ ಅವರು ಅಳುತ್ತಿದ್ದರು, ಮೂರನೆಯದರಲ್ಲಿ ಅವರಿಗೆ ಎದೆನೋವು ಬಂದು ಆಂಬುಲೆನ್ಸ್ ಬರುತ್ತಿತ್ತು. ಆ ಮೂರನೆಯದನ್ನು ಎಷ್ಟು ವಿವರವಾಗಿ ಕಲ್ಪಿಸಿಕೊಂಡೆನೆಂದರೆ ಗಗನಸಖಿ ಬಂದು ನೀರು ಬೇಕೇ ಎಂದು ಕೇಳಿದಳು.

ರನ್‌ಕಾರ್ನ್ ಮನೆಯಲ್ಲಿ ಚಿಕ್ಕಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು, ಪಕ್ಕದ ಮನೆಯ ಚೀನೀ ಅಜ್ಜಿ ಕೊಟ್ಟ ಹೀರೇಕಾಯಿಯ ಸಿಪ್ಪೆ ಹೆರೆಯುತ್ತಿದ್ದರು. ಸಿಪ್ಪೆ ಚಟ್ನಿಗೆ ಅಂತ ಬೇರೆ ತಟ್ಟೆಯಲ್ಲಿ ಒಟ್ಟುತ್ತಿದ್ದರು. 'ಬಂದ್ಯಾ? ಎಷ್ಟು ಇಳ್ದೋಗಿದೀಯ! ಕೂತ್ಕೋ' ಎಂದರು. ರೂಪಾ ಕಾಫಿಗೆ ನೀರಿಟ್ಟಳು. ನಾನು ಕೂತೆ, ಎದ್ದೆ, ಮತ್ತೆ ಕೂತೆ. ಹದಿನೇಳು ಬಗೆಯಲ್ಲಿ ಒಂದೂ ನೆನಪಿಗೆ ಬರಲಿಲ್ಲ.

'ಚಿಕ್ಕಮ್ಮ, ಆ ಹಾಡು ಅಜ್ಜಿದಲ್ಲ. ನಾನೇ ಬರ್ದಿದ್ದು. ಧಾಟಿ ಜಪಾನಿದು. ಸಿರಿ ಕೇಳೋ ಹುಡುಗರದ್ದು. ಎಲ್ಲರ ಮುಂದೆ ನಾಚಿಕೆ ಆಗಿ ಅಜ್ಜಿ ಹೆಸರು ಹೇಳ್ಬಿಟ್ಟೆ. ತಪ್ಪಾಯ್ತು.'

ರೂಪಾ ಹಾಲಿನ ಪಾತ್ರೆ ಹಿಡಿದವಳು ಹಾಗೇ ನಿಂತಳು. ಚಿಕ್ಕಮ್ಮ ಹೆರೆಯುತ್ತಿದ್ದ ಕಾಯಿಯನ್ನು ಪೂರ್ತಿ ಮುಗಿಸಿದರು.

'ಗೊತ್ತು ಕಣೇ' ಎಂದರು.

'ಗೊತ್ತಾ?'

'ಅಮ್ಮ ಹಾಡ್ತಾನೇ ಇರ್ಲಿಲ್ಲ. ನಂಗೆ ಗೊತ್ತಿಲ್ವಾ? ಮದುವೆಯಾಗಿ ಬಂದ ಮೊದಲ್ನೇ ಗೌರಿ ಹಬ್ಬದಲ್ಲಿ ಒಂದೇ ಒಂದು ಹಾಡು ಹಾಡಿದ್ಳಂತೆ. ದನಿ ಗಡುಸು. ಬಂದಿದ್ದ ಮುತ್ತೈದೆಯರೆಲ್ಲ ಸೆರಗು ಬಾಯಿಗಿಟ್ಕೊಂಡು ನಕ್ಕರಂತೆ. ಅವಳತ್ತೆ, "ನಂಜಿ, ನೀನು ಆರತಿ ತಟ್ಟೆ ಹಿಡ್ಕೋ ಸಾಕು" ಅಂದ್ರಂತೆ. ಅಲ್ಲಿಂದ ಸಾಯೋವರೆಗೂ ತಟ್ಟೆ ಹಿಡಿದ್ಳು. ಹಿತ್ತಾಳೆ ತಟ್ಟೆ, ದೀಪದ ಕಾವಿಗೆ ಕೈ ಸುಡೋದು. ಹಾಡೋರು ಐದೈದು ಚರಣ ಎಳೆಯೋರು, ಇವಳು ಕದಲ್ತಿರ್ಲಿಲ್ಲ. "ಇನ್ನೊಂದು ಹಾಡಿ" ಅಂತ ಎಲ್ಲರನ್ನೂ ಕೇಳೋಳು. ಅವಳನ್ನ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ ಸುಮಾ, ಹೊಟ್ಟೇಲಿ ಹುಟ್ಟಿದೋಳು.'

ಕಾಫಿ ಉಕ್ಕುವುದರಲ್ಲಿತ್ತು. ರೂಪಾ ಒಲೆ ಆರಿಸಿದಳು.

'ಮತ್ತೆ ಜ್ಞಾಪಕ ಇದೆ ಅಂದ್ರಿ?'

'ಅವಳ ಹೆಸರಿಟ್ಟು ಒಂದು ಹಾಡು ಬಂತು. ಹೆಂಗಸ್ರೆಲ್ಲ ಎಷ್ಟು ಚೆಂದ ಹಾಡ್ತಿದ್ಳು ನಂಜಮ್ಮ ಅಂತಿದಾರೆ. ನಾನ್ಯಾಕೆ ಇಲ್ಲ ಅನ್ಲಿ? ಅದಕ್ಕೇ ಸುಳ್ಳು ಹೇಳ್ದೆ. ನೀನೊಬ್ಳೇನಾ ಹೇಳೋದು?'

ನನಗೆ ಅಳು ಬಂತು. ವರ್ಷವೆಲ್ಲ ನನ್ನ ಮಾನ ಎಲ್ಲಿ ಹೋಗುತ್ತದೋ ಎಂದೇ ನಡುಗಿದ್ದೆ. ಹಾಡಬೇಡ ಎಂದು ಎಲ್ಲರೂ ಬಾಯಿ ಮುಚ್ಚಿಸಿದ್ದ ಅಜ್ಜಿಯ ಬಾಯಿಗೇ ನಾನು ಹಾಡು ತುರುಕಿದ್ದೆ ಎಂಬುದು ಆ ಕ್ಷಣದವರೆಗೂ ನನಗೆ ತಿಳಿದಿರಲಿಲ್ಲ. ತಿಳಿದುಕೊಳ್ಳಬೇಕು ಅಂತ ಅನ್ನಿಸಿಯೂ ಇರಲಿಲ್ಲ.

ಚಿಕ್ಕಮ್ಮ ಕೈ ಒರೆಸಿಕೊಂಡು, 'ಎಲ್ಲಿ, ಆ ಹುಡುಗರು ಹಾಡಿರೋದು ಹಾಕು' ಎಂದರು. ಕಾರಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದುದನ್ನು ಫೋನಿನಲ್ಲಿ ಹಾಕಿದೆ. ಚಪ್ಪಾಳೆ ಬಂದಾಗ ಅವರ ಬೆರಳು ಮೇಜಿನ ಮೇಲೆ ತಾಳ ಹಾಕಿತು. 'ಏನಂತಾರೆ ಇದ್ರಲ್ಲಿ?'

ಸಿರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. ಆಸ್ಪತ್ರೆಯ ಕ್ಯಾಂಟೀನಿನ ಗಲಾಟೆಯ ನಡುವೆ ಅವಳ ದನಿ ಕೇಳಿಸಿತು. 'ಹೇಳಿದ್ಯಾ? ಟ್ರೂಲಿ?'

'ಹೇಳಿದ್ಲಮ್ಮ, ಪಾಪ, ನಡುಗ್ತಾ ಹೇಳಿದ್ಲು. ಈಗ ನೀನು ಹೇಳು' ಎಂದರು ಚಿಕ್ಕಮ್ಮ.

'ಓಕೆ ಚಿಕ್ಕಜ್ಜಿ. ಒಬ್ಬ ಹುಡುಗ ದೊಡ್ಡ ಸಿಟಿಗೆ ಬಂದಿರ್ತಾನೆ. ಯಾರೂ ಫ್ರೆಂಡ್ಸ್ ಇಲ್ಲ. ಎವ್ರಿ ಈವ್ನಿಂಗ್ ಸ್ಟೇಷನ್ನಲ್ಲಿ ನಿಂತು ಅಮ್ಮಂಗೆ ಕಾಲ್ ಮಾಡಿ ಊಟ ಆಯ್ತು, ಬಿಸಿಬಿಸಿ ಊಟ, ಡೋಂಟ್ ವರಿ ಅಂತಾನೆ. ಬಟ್ ಊಟ ಆಗಿರಲ್ಲ. ಅಮ್ಮಂಗೂ ಅದು ಗೊತ್ತಿರುತ್ತೆ. ದಟ್ಸ್ ಇಟ್.'

'ನೀನು ಊಟ ಮಾಡಿದ್ಯೇನೇ ಸಿರಿ?' ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

'ಇಲ್ಲ ಅಮ್ಮ. ಈಗ ಮಾಡ್ತೀನಿ' ಎಂದಳು. ನನ್ನ ಮಗಳು ಇಷ್ಟು ವರ್ಷದಲ್ಲಿ ಮೊದಲ ಸಲ 'ಇಲ್ಲ' ಎಂದಿದ್ದಳು.

ರೂಪಾ ಲ್ಯಾಪ್‌ಟಾಪು ತಂದು ಮೇಜಿನ ಮೇಲಿಟ್ಟಳು. ಮೊದಲ ಪುಟ ತೆರೆದಿತ್ತು. 'ಸೋಮವಾರ ಪ್ರಿಂಟಿಗೆ ಹೋಗುತ್ತೆ. ಈಗ ಏನ್ ಬರೀಲಿ ಸುಮಕ್ಕ?' ಅವಳ ದನಿಯಲ್ಲಿ ಸ್ವಲ್ಪ ಸಿಟ್ಟಿತ್ತು. ಇರಬೇಕಾದ್ದೇ.

'ಹಾಡು ನಂದು ಅಂತ ಬರಿ. ಧಾಟಿ ಆ ಐದು ಜನರದ್ದು ಅಂತ ಬರಿ, ಅವರ ಹೆಸರು ಸಿರೀನ ಕೇಳಿ ಸರಿಯಾಗಿ ಹಾಕು' ಎಂದೆ. ನಾಗರತ್ನ ಆಂಟಿಯ ಹುಬ್ಬು ಕಣ್ಣಮುಂದೆ ಬಂತು. ಹ್ಯಾರಿಸ್‌ಡೇಲಿನಲ್ಲಿ ಇನ್ನು ಆರು ತಿಂಗಳು ನಾನು ತಲೆ ಎತ್ತಿ ಓಡಾಡುವ ಹಾಗಿಲ್ಲ. ಆದರೂ ಹೇಳಿಯಾಗಿತ್ತು.

ರೂಪಾ ಟೈಪ್ ಮಾಡಿದಳು. ಆಮೇಲೆ ಮೇಲಿನ ಸಾಲಿನಲ್ಲಿದ್ದ 'ನಂಜಮ್ಮ' ಎಂಬ ಹೆಸರಿನ ಹತ್ತಿರ ಬೆರಳು ನಿಲ್ಲಿಸಿ, 'ಇದನ್ನ ತೆಗೀಲಾ?' ಎಂದಳು.

ಚಿಕ್ಕಮ್ಮ ಇನ್ನೊಂದು ಹೀರೇಕಾಯಿ ಕೈಗೆತ್ತಿಕೊಂಡರು, ಹೆರೆಯಲಿಲ್ಲ.

'ಬೇಡ. ಅದನ್ನ ಅಲ್ಲಿಂದ ಕೆಳಗಿಳಿಸಿ ಇನ್ನೊಂದು ಸಾಲು ಹಾಕು' ಎಂದೆ. '"ಆರತಿ ತಟ್ಟೆ ಹಿಡಿದವರು: ನಂಜಮ್ಮ" ಅಂತ.'

ರೂಪಾ ಬರೆದು ಲ್ಯಾಪ್‌ಟಾಪನ್ನು ಅತ್ತೆಯ ಕಡೆ ತಿರುಗಿಸಿದಳು. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಆ ಸಾಲನ್ನು ಎರಡು ಸಲ ಓದಿದರು.

'ಹ್ಞೂ' ಎಂದರು. 'ಇದು ನಿಜ.'